ಚಿಪ್ ಕೊಡುವ ಮೊದಲು

ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಮೇಲಿನ ಮಹಡಿಯಲ್ಲಿ ನಮ್ಮ ರಿಪೇರಿ ಅಂಗಡಿ ಇತ್ತು. ಕೆಟ್ಟ ಕಂಪ್ಯೂಟರ್ ಬೋರ್ಡುಗಳು ಬರುತ್ತಿದ್ದವು. ಯಾವ ಚಿಪ್ ಹೋಗಿದೆ ಎಂದು ಹುಡುಕಿ ಹೊಸದನ್ನು ತೆಗೆದುಕೊಡುವುದು ನನ್ನ ಕೆಲಸ. ಅದನ್ನು ಬೆಸುಗೆ ಹಾಕಿ ಕೂರಿಸುವುದು ಎದುರಿಗೆ ಕೂರುತ್ತಿದ್ದವನ ಕೆಲಸ. ಧಾರವಾಡದ ಕಡೆಯವನು, ಮಾತು ಕಡಿಮೆ.

ಆಗ ನಾನು ಹಾಕುತ್ತಿದ್ದದ್ದೆಲ್ಲ ಪಾಲಿಯೆಸ್ಟರ್ ಚೂಡಿದಾರ್. ಚಳಿಗಾಲದ ಒಣ ಹವೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಚಿಲಕ ಮುಟ್ಟಿದರೆ ಚಟ್ ಎಂದು ಶಾಕ್ ಹೊಡೆಯುತ್ತಿತ್ತು. ನಮಗೆ ಅದು ಬರೀ ಚುರುಕ್, ಚಿಪ್‌ಗೆ ಮಾತ್ರ ಪ್ರಾಣವೇ ಹೋಗುತ್ತದೆ. ಹಾಳಾದ ಮೇಲೂ ಹೊಸದರಂತೆಯೇ ಹೊಳೆಯುತ್ತಿರುತ್ತದೆ, ದರಿದ್ರದ್ದು! ಹಾಗೆ ಒಂದೆರಡು ಕೈಕೊಟ್ಟ ಮೇಲೆ ಅವನೇ ಒಂದು ಪದ್ಧತಿ ಮಾಡಿದ. ಮೊದಲು ಕೈಗೆ ಕೈ ತಾಗಿಸುವುದು. ಇಬ್ಬರ ಮೈಯಲ್ಲಿರುವ ಕರೆಂಟು ಸಮ ಆಗುತ್ತದಂತೆ. ಆಮೇಲೆ ಚಿಪ್ ಕೊಡುವುದು.

ನಾನು ಎಡಗೈ ಚಾಚುತ್ತಿದ್ದೆ. ಅವನು ಎರಡು ಬೆರಳು ನನ್ನ ಮಣಿಕಟ್ಟಿನ ಮೇಲಿಡುತ್ತಿದ್ದ. ಅಷ್ಟೇ. ಆ ಅಷ್ಟಕ್ಕೇ ನನ್ನ ಮುಖ ಬಿಸಿಯಾಗಿ, ತಲೆ ಎತ್ತಲು ಆಗುತ್ತಿರಲಿಲ್ಲ. ಬೋರ್ಡು ತೊಳೆಯುತ್ತಿದ್ದ ಅಕ್ಕ ಸುಮ್ಮನಿರುವವಳೇ? "ಒಂದ್ ಚಿಪ್ ಕೊಡೋಕೆ ಇಷ್ಟೊತ್ತು ಬೇಕೇನೇ?" ಎಂದು ರೇಗಿಸುತ್ತಿದ್ದಳು. "ನಿಮ್ ಕೆಲ್ಸ ನೋಡ್ಕೊಳ್ಳಿ ಅಕ್ಕಾ" ಎಂದು ನಾನು ಸಿಡುಕುತ್ತಿದ್ದೆ. ಇಷ್ಟು ವರ್ಷ ಕಳೆದಿದೆ, ಮದುವೆ, ಮಕ್ಕಳು ಎಲ್ಲ ಆಗಿದೆ. ಆ ಎರಡು ಬೆರಳು ಮಾತ್ರ ಇವತ್ತಿಗೂ ಬೇಕೆನಿಸುತ್ತದೆ.

ನನಗೆ ತಿಳಿಯಬೇಕಿದ್ದದ್ದು ಒಂದೇ: ಅವನು ಮುಟ್ಟುವುದು ಚಿಪ್‌ಗಾಗಿಯೋ, ನನಗಾಗಿಯೋ? ಕೇಳುವುದು ಹೇಗೆ?

ಒಂದು ದಿನ ಬೆಳಿಗ್ಗೆ ಓನರ್ ಎರಡು ಪಟ್ಟಿ ತಂದರು. ಕೈಗೆ ಕಟ್ಟಿಕೊಂಡು, ಅದರ ವೈರನ್ನು ಅರ್ಥಿಂಗ್‌ಗೆ ಸಿಕ್ಕಿಸಿದರೆ ಮೈಯ ಕರೆಂಟೆಲ್ಲ ನೆಲಕ್ಕೆ. ಯಾರೂ ಯಾರನ್ನೂ ಮುಟ್ಟಬೇಕಿಲ್ಲ. ಹಾಳಾಗಿ ಹೋಗ್ಲಿ ಈ ಪಟ್ಟಿ ಎಂದು ಮನಸ್ಸಿನಲ್ಲೇ ಬೈದೆ. ಆದರೂ ಒಂದು ಆಸೆ ಹುಟ್ಟಿತು. ಇನ್ನು ಚಿಪ್‌ನ ನೆಪವಿಲ್ಲ, ಇವತ್ತು ಮುಟ್ಟಿದರೆ ಅದು ನನಗಾಗಿಯೇ.

ದಿನವಿಡೀ ಕಾದೆ. ಅವನು ತಟ್ಟೆ ಮುಂದಿಡುತ್ತಿದ್ದ, ನಾನು ಅದರಲ್ಲಿ ಚಿಪ್ ಹಾಕುತ್ತಿದ್ದೆ. ಸಂಜೆ ಮಾಗಡಿ ರೋಡಿನ ಬಸ್ ಸ್ಟಾಪಿನಲ್ಲಿ ಅವನಾಗಿಯೇ ಪಕ್ಕಕ್ಕೆ ಬಂದು ನಿಂತ.

"ಪಟ್ಟಿ ಆರಾಮ ಅದಾವಲ್ರಿ?" ಎಂದ. ಹೂಂ ಎಂದೆ.

"ದಿನಾ ನಾ ಕೈ ಮುಟ್ಟಿದ್ರ ನಿಮಗ ಭಾಳ ಮುಜುಗರ ಆಗ್ತಿತ್ತು. ತಲಿ ಎತ್ತಿ ನೋಡ್ತಿರ್ಲಿಲ್ಲ ನೀವು. ಪಾಪ ಅನ್ನಿಸ್ತು. ಅದಕ್ಕ ನಾನ ಓನರ್ ಬೆನ್ನು ಹತ್ತಿ ತರಿಸಿದೆ ನೋಡ್ರಿ."

ನನ್ನ ಬಸ್ಸು ಬಂತು. ಥ್ಯಾಂಕ್ಸ್ ಎಂದೆ.