ದೇವರಿಗೆ ನೀರಡಿಕೆ ಆಗುತ್ತದೆಯೇ?

ಕೋವಿಡ್ ಹಾವಳಿ ತಣ್ಣಗಾದ ಮೇಲಿನ ಒಂದು ಬೇಸಿಗೆ. ನಾನಾಗ ರಾಯಚೂರಿನ ಒಂದು ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಹಿರಿಯ ಶುಶ್ರೂಷಕಿಯಾಗಿದ್ದೆ. ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವರ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಕಲ್ಮಶವನ್ನೂ ಹೆಚ್ಚಿನ ನೀರನ್ನೂ ತೆಗೆದು, ಮತ್ತೆ ಮೈಗೆ ಬಿಡುವುದು ನಮ್ಮ ಕೆಲಸ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು. ಈ ರೋಗಿಗಳು ಕುಡಿದ ನೀರಿಗೆ ಹೊರಗೆ ಹೋಗುವ ದಾರಿಯೇ ಇರುವುದಿಲ್ಲ. ಅದಕ್ಕೇ ದಿನಕ್ಕೆ ಇಷ್ಟೇ ಎಂದು ಅಳೆದು ಕುಡಿಯಬೇಕು. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಒಬ್ಬ ಮನುಷ್ಯನಿಗೆ ನೀರು ಅಳೆದು ಕುಡಿ ಎನ್ನುವುದಿದೆಯಲ್ಲ, ಹೇಳುವ ನನಗೇ ಗಂಟಲು ಒಣಗುತ್ತಿತ್ತು.

ಸೋಮವಾರ, ಬುಧವಾರ, ಶುಕ್ರವಾರದ ಬೆಳಗಿನ ಪಾಳಿಯಲ್ಲಿ ಕಿಟಕಿಯ ಪಕ್ಕದ ಎರಡು ಹಾಸಿಗೆಗಳು ಇಬ್ಬರು ಹಿರಿಯರಿಗೆ ಕಾಯಂ ಆಗಿದ್ದವು. ಒಬ್ಬರು ದೇವದುರ್ಗದ ಖಾಜಾ ಸಾಹೇಬರು, ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಇನ್ನೊಬ್ಬರು ಮಾನ್ವಿಯ ಸಮುವೇಲಪ್ಪ ಮಾಸ್ತರರು, ಕನ್ನಡ ಶಾಲೆಯಲ್ಲಿ ಕಲಿಸಿದವರು, ತಮ್ಮ ಚರ್ಚಿನ ಹಿರಿಯರಲ್ಲಿ ಒಬ್ಬರು. ಕೈಗೆ ಸೂಜಿ ಚುಚ್ಚಿದ ಮೇಲೆ ಅಲುಗಾಡುವಂತಿಲ್ಲ, ಆದರೆ ನಾಲಿಗೆಗೆ ಯಾರೂ ಸೂಜಿ ಹಾಕಿರಲಿಲ್ಲ. ಮೊದಲು ಅಳಿಯಂದಿರ ಸುದ್ದಿ, ಆಮೇಲೆ ರಾಜಕಾರಣ, ಅದು ಮುಗಿದ ಮೇಲೆ ದೇವರು.

ವಾದ ಹುಟ್ಟಿದ್ದೂ ನೀರಿನಿಂದಲೇ. ಒಂದು ದಿನ ನಾನು ಕೊಟ್ಟ ಐಸ್ ಚೂರನ್ನು ಬಾಯಿಯಲ್ಲಿಟ್ಟುಕೊಂಡು ಮಾಸ್ತರರು, “ನಮ್ಮ ಸ್ವಾಮಿಗೂ ಶಿಲುಬಿ ಮ್ಯಾಲೆ ಹಿಂಗಽ ನೀರಡಿಕಿ ಆಗಿತ್ತು” ಎಂದರು.

“ನಿಮ್ಮ ಯೇಸು ನಮಗ ಈಸಾ ಪೈಗಂಬರರು, ದೊಡ್ಡವ್ರು, ಅವ್ರ ಹೆಸರಿಗೆ ನಾವೂ ಸಲಾಂ ಹೇಳ್ತೀವಿ,” ಎಂದರು ಖಾಜಾ ಸಾಹೇಬರು. “ಆದ್ರ ನೀರಡಿಕಿ ಆದವ ದೇವ್ರು ಹೆಂಗಾಗ್ತಾನ ಮಾಸ್ತರ? ಅಲ್ಲಾಗ ಹಸಿವಿಲ್ಲ, ನಿದ್ದಿಲ್ಲ, ಹುಟ್ಟಿಲ್ಲ, ಸಾವಿಲ್ಲ.”

“ಅವನ ಕೈಲೆ ಎಲ್ಲಾ ಆಗತದ ಅಂತೀರಿ. ಮನಷ್ಯಾ ಆಗೋದೊಂದು ಆಗಂಗಿಲ್ಲೇನು?”

“ಆಗೋದು ಬ್ಯಾರೆ, ಅವನಿಗೆ ಒಪ್ಪೋದು ಬ್ಯಾರೆ. ಅವ ಸುಳ್ಳು ಹೇಳ್ತಾನೇನು? ಇಲ್ಲ. ಕೈಲಾಗಂಗಿಲ್ಲಂತ ಅಲ್ಲ, ಅದು ಅವನ ದೊಡ್ಡಸ್ತಿಕೆಗೆ ತಕ್ಕದ್ದಲ್ಲ.”

“ಪ್ರೀತಿ ಸಲುವಾಗಿ ಸಣ್ಣಾವ ಆಗೋದಽ ದೊಡ್ಡಸ್ತಿಕೆ ಅಂತೀವ್ರೀ ನಾವು.”

ನಾನು ಗುಂಜಹಳ್ಳಿಯ ಶಿವಭಕ್ತರ ಮನೆಯವಳು. ಇಂಥ ಮಾತು ಕಿವಿಗೆ ಬಿದ್ದರೆ ಸುಮ್ಮನಿರುವ ಜಾತಿಯಲ್ಲ. “ನಮ್ಮ ಕಡೆ ಅವತಾರ ಅಂತಾರಲ್ಲ, ಅದೇ ಅಲ್ಲೇನ್ರಿ?” ಎಂದು ಬಾಯಿ ಹಾಕಿದೆ. ಇಬ್ಬರೂ ಒಟ್ಟಿಗೆ ನನ್ನ ಮೇಲೆ ಬಿದ್ದರು. “ಅಲ್ಲ ಸಿಸ್ಟರವ್ವಾ, ವೇಷಾ ಹಾಕ್ಕೊಂಡು ಬಂದು ಹೋಗೋದಲ್ಲ. ಖರೇನ ಮನಷ್ಯಾ ಆದ, ಅತ್ತ, ಸತ್ತ. ಒಂದಽ ಸಲ” ಎಂದು ಮಾಸ್ತರರು. “ನಮಗಂತೂ ಎರಡೂ ಇಲ್ಲ” ಎಂದು ಸಾಹೇಬರು. ಅವರಿಬ್ಬರೂ ಒಪ್ಪಿದ ಮೊದಲ ಸಂಗತಿಯೆಂದರೆ ನಾನು ಹೇಳಿದ್ದು ತಪ್ಪು ಎಂಬುದು.

ಅಂದಿನಿಂದ ಇದೇ ನಡೆಯಿತು. ಇಂದಿನ ಪ್ರಶ್ನೆಯನ್ನು ಒಬ್ಬರು ಮಾನ್ವಿಯ ಪಾಸ್ಟರ್ ಬಳಿ, ಇನ್ನೊಬ್ಬರು ದೇವದುರ್ಗದ ಮೌಲಾನಾ ಬಳಿ ಒಯ್ದು, ಮುಂದಿನ ಸಲ ಉತ್ತರದೊಂದಿಗೆ ಬರುವರು. ದೇವರು ಸತ್ತಿದ್ದರೆ ಅಷ್ಟು ಹೊತ್ತು ಲೋಕ ನಡೆಸಿದವರು ಯಾರು ಎಂದು ಸಾಹೇಬರು. ಸತ್ತದ್ದು ಅವನಲ್ಲಿದ್ದ ಮನುಷ್ಯ, ದೇವರಲ್ಲ ಎಂದು ಮಾಸ್ತರರು. ಉಳಿದ ರೋಗಿಗಳೂ ಟಿವಿ ಬಂದ್ ಮಾಡಿಸಿ ಕೇಳುತ್ತಿದ್ದರು. ನಾಲ್ಕು ತಾಸು ಹೋದದ್ದೇ ತಿಳಿಯುತ್ತಿರಲಿಲ್ಲ. ನನಗಂತೂ ಅವರ ಪಾಳಿ ಬಂತೆಂದರೆ ಹಿಗ್ಗು.

ಆ ವರ್ಷ ರಮಜಾನ್ ತಿಂಗಳೂ ಶುಭ ಶುಕ್ರವಾರವೂ ಒಟ್ಟಿಗೆ ಬಂದವು. ಶುಭ ಶುಕ್ರವಾರದ ಮಧ್ಯಾಹ್ನ ಚರ್ಚಿನಲ್ಲಿ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಬಗ್ಗೆ ಏಳು ಜನ ಎದ್ದುನಿಂತು ಹೇಳುವ ಪದ್ಧತಿ ಇದೆ. ಮಾಸ್ತರರ ಪಾಲಿಗೆ ‘ನನಗೆ ನೀರಡಿಕೆಯಾಗಿದೆ’ ಎಂಬ ಮಾತು ಬಂದಿತ್ತು. ಎಷ್ಟೋ ವರ್ಷ ಕಾದು ಸಿಕ್ಕ ಪಾಳಿ. ಆ ವಾರದ ಸೋಮವಾರ ಹಾಸಿಗೆಯಲ್ಲೇ ತಾಲೀಮು ಶುರು ಮಾಡಿದರು. ಸಾಹೇಬರು ನಡುನಡುವೆ ಕೆಣಕಿದರು. ಕಡೆಗೆ ಮಾಸ್ತರರಿಗೆ ಸಿಟ್ಟು ನೆತ್ತಿಗೇರಿತು.

“ನೀರಡಿಸಿದವನಿಗಽ ನೀರಡಿಕಿ ಗೊತ್ತು. ನಿಮ್ಮ ದೇವ್ರಿಗೆ ನಮ್ಮ ಸಂಕಟ ಏನು ತಿಳೀತದ ಬಿಡ್ರಿ!”

ಸಾಹೇಬರು, “ಅವ ನಮ್ಮ ಕೊರಳ ನರಕ್ಕಿಂತ ಹತ್ರ ಅದಾನ. ಅವನಿಗೆ ತಿಳಿಯಾಕ ನೀರಡಿಸಬೇಕಾಗಿಲ್ಲ” ಎಂದಷ್ಟೇ ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದರು.

ಬುಧವಾರ ಸಾಹೇಬರು ಬರಲಿಲ್ಲ. ಫೋನ್ ಮಾಡಿದರೆ ಸೊಸೆ, “ಬರಂಗಿಲ್ಲ ಅಂತಾರ್ರೀ” ಎಂದಳು. ಶುಕ್ರವಾರವೂ ಹಾಸಿಗೆ ಖಾಲಿ. ಎರಡು ಸಲ ತಪ್ಪಿದರೆ ಮೈಯ ನೀರು ಶ್ವಾಸಕೋಶಕ್ಕೆ ಏರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿ ಹೃದಯ ಕೂತ ಕೂತಲ್ಲೇ ನಿಲ್ಲಬಹುದು. ಸಿಟ್ಟನ್ನೆಲ್ಲ ಮಾಸ್ತರರ ಮೇಲೆ ಕಾರಿದೆ.

“ವಾದಾ ಮಾಡ್ರಿ ಅಂದ್ರ ಮನಸ್ಸು ಮುರೀತೀರೇನ್ರಿ? ಮುನಿಸಿಕೊಂಡು ಮನ್ಯಾಗ ಕೂತಾರ. ಜೀವಾ ಹೋಗತದ ಅವ್ರದು!”

ಮಾಸ್ತರರು ಸೂಜಿ ತೆಗೆಸಿಕೊಂಡವರೇ ಎದ್ದು ನಿಂತು, “ದೇವದುರ್ಗಕ್ಕ ಹೋಗೂಣ ನಡ್ರಿ ಸಿಸ್ಟರವ್ವಾ” ಎಂದರು.

“ನಿಮ್ಮ ಏಳು ಮಾತು?”

“ಆರು ಹೇಳ್ತಾರ. ನಡ್ರಿ.”

ಕೆಲಸವನ್ನು ಇನ್ನೊಬ್ಬ ಸಿಸ್ಟರ್‌ಗೆ ಒಪ್ಪಿಸಿ, ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ಚರ್ಚಿನಲ್ಲಿ ಪ್ರಾರ್ಥನೆ ಶುರುವಾಗುವ ಹೊತ್ತಿಗೆ ನಾವು ದೇವದುರ್ಗ ಮುಟ್ಟಿದೆವು.

ಸಾಹೇಬರು ಮಲಗಲಾಗದೆ ದಿಂಬಿಗೆ ಒರಗಿ ಕೂತಿದ್ದರು. ಮುಖ, ಕಾಲು ಬಾತಿದ್ದವು. ಉಸಿರು ಎಳೆದು ಎಳೆದು ಬಿಡುತ್ತಿದ್ದರು. ಸೊಸೆ ಅಳುತ್ತಾ, “ಮಂಗಳವಾರದಿಂದ ರೋಜಾ ಹಿಡಿದಾರ್ರೀ, ಉಪಾಸ. ಬ್ಯಾನಿ ಇದ್ದವ್ರಿಗೆ ಮಾಫಿ ಅದ ಅಂತ ಮೌಲಾನಾ ಬಂದು ಹೇಳಿದ್ರೂ ಕೇಳವಲ್ರು” ಎಂದಳು.

ನನಗೆ ಆಗ ತಿಳಿಯಿತು. ಇದು ಮುನಿಸಲ್ಲ. ಡಯಾಲಿಸಿಸ್‌ನಲ್ಲಿ ರಕ್ತದ ಜೊತೆ ಲವಣ, ಸಕ್ಕರೆಯ ದ್ರವವೂ ಮೈಯೊಳಗೆ ಹೋಗುತ್ತದೆಂದು ಹಲವರು ಅದನ್ನು ಉಪವಾಸ ಮುರಿದಂತೆ ಎಣಿಸುತ್ತಾರೆ. ಉಪವಾಸ ಉಳಿಸಿಕೊಳ್ಳಲು ಅವರು ಯಂತ್ರವನ್ನೇ ಬಿಟ್ಟಿದ್ದರು.

“ಯಾಕ್ ಹಿಂಗ ಮಾಡಿದ್ರಿ?” ಎಂದು ಮಾಸ್ತರರು ಅವರ ಪಕ್ಕದಲ್ಲಿ ಕೂತರು.

ಸಾಹೇಬರು ತುಂಡು ತುಂಡಾಗಿ ಹೇಳಿದರು: “ನಿಮ್ಮವ ನಿಮ್ಮ ಸಲುವಾಗಿ ನೀರಡಿಸಿದ ಅಂತೀರಿ. ನನ್ನವ ನೀರಡಿಸಂಗಿಲ್ಲ. ಅವನ ಸಲುವಾಗಿ ನಾನರ ನೀರಡಿಸಬ್ಯಾಡೇನು? ಅವ ನೋಡಲಿ.”

ಮಾಸ್ತರರ ಕಣ್ಣಲ್ಲಿ ನೀರು ಬಂತು. “ನಾ ಅಂದದ್ದು ತಪ್ಪಾತು. ಅವ ಮನಷ್ಯಾ ಆದ ಅನ್ನೋದು ನಾ ಬಿಡಂಗಿಲ್ಲ, ನೀವು ಒಪ್ಪಬ್ಯಾಡ್ರಿ. ಆದ್ರ ಒಂದು ಕೇಳ್ತೀನಿ. ಕೊರಳ ನರಕ್ಕಿಂತ ಹತ್ರ ಅದಾನ ಅಂದ್ರಲ್ಲ? ಹಂಗಾದ್ರ ನಾಕು ವರ್ಷದಿಂದ ನೀವು ಅಳೆದು ಕುಡಿಯೋದು ಅವ ನೋಡ್ಯಾನಲ್ಲ. ಮತ್ತ ಈ ರೋಜಾ ಯಾರಿಗೆ ತೋರಸಾಕತ್ತೀರಿ ಖಾಜಾ ಸಾಬ್ರ? ಅವನಿಗೋ, ನನಗೋ?”

ಸಾಹೇಬರು ನಗಲು ಹೋಗಿ ಕೆಮ್ಮಿದರು. “ನನ್ನ ಮಾತು ನನಗಽ ತಿರುಗಿಸಿದ್ರಲ್ಲೋ ಮಾರಾಯ್ರ.” ಆಮೇಲೆ, “ಇವತ್ತು ನೀವು ಚರ್ಚಿನ್ಯಾಗ ಹೇಳೋದಿತ್ತಲ್ಲ?” ಎಂದರು.

“ಇತ್ತು. ಇಲ್ಲಿಗೆ ಬಂದೆ.”

ಸಾಹೇಬರು ತಮ್ಮನ್ನು ಎಬ್ಬಿಸಲು ಸೊಸೆಗೆ ಕೈ ಚಾಚಿದರು. ಅದೇ ಕಾರಿನಲ್ಲಿ ರಾಯಚೂರಿಗೆ ಹೊರಟು, ದಾರಿಯಲ್ಲೇ ಡಾಕ್ಟರಿಗೆ ಫೋನ್ ಮಾಡಿ, ನೇರವಾಗಿ ಯಂತ್ರಕ್ಕೆ ಹಾಕಿಸಿದೆ. ಸಂಜೆ ಅಜಾನ್ ಕೇಳಿಸಿದಾಗ ಅವರ ಉಸಿರು ಹಗುರಾಗಿತ್ತು. ಉಪವಾಸ ಬಿಡುವ ಹೊತ್ತಿಗೆ ತಿನ್ನುವ ಒಂದು ಖರ್ಜೂರವನ್ನೂ ಕೊಡುವಂತಿರಲಿಲ್ಲ, ಅದರಲ್ಲೂ ಪೊಟ್ಯಾಸಿಯಂ. ಐಸ್ ಚೂರೊಂದನ್ನು ನಾನೇ ಅವರ ಬಾಯಿಗಿಟ್ಟೆ.

ದೇವರು ಮನುಷ್ಯನಾಗಬಲ್ಲನೇ ಎಂದು ನನ್ನನ್ನು ಕೇಳಿದರೆ ಇಂದಿಗೂ ಉತ್ತರವಿಲ್ಲ, ಕುತೂಹಲವಿದೆ. ಆದರೆ ಕೆಲಸದ ಮಟ್ಟಿಗೆ ಒಂದು ಕಲಿತೆ. ರೋಗಿ ಚಿಕಿತ್ಸೆಗೆ ಬಾರದಿದ್ದರೆ ಹಟ, ಉದಾಸೀನ ಎಂದು ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಜೀವಕ್ಕಿಂತ ದೊಡ್ಡದೆಂದು ಅವರು ಹಿಡಿದುಕೊಂಡದ್ದು ಏನೆಂದು ಮೊದಲು ಕೇಳಬೇಕು. ನಿವೃತ್ತಿಯಾಗುವವರೆಗೂ ರಮಜಾನ್‌ಗೆ ಮುಂಚೆ, ಶ್ರಾವಣಕ್ಕೆ ಮುಂಚೆ, ಒಬ್ಬೊಬ್ಬರ ಪಕ್ಕ ಕೂತು ಕೇಳುತ್ತಿದ್ದೆ.

ಮರು ಸೋಮವಾರ ಸೂಜಿ ಹಾಕಿದ ಕೂಡಲೇ ಸಾಹೇಬರು, “ಮಾಸ್ತರ, ಶುಕ್ರವಾರದ ಮಾತು ಈಗ ಹೇಳ್ರಿ” ಎಂದರು. ಟಿವಿ ಬಂದ್ ಆಯಿತು. ಮಾಸ್ತರರು ಮಲಗಿದಲ್ಲೇ, ನೀರನ್ನು ಮಾಡಿದವನೇ ನೀರು ಕೇಳಿದ ಬಗೆಯನ್ನು ಹೇಳಿದರು. ಸಾಹೇಬರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

“ನೀರಡಿಸಿದವನಿಗಽ ಗೊತ್ತು ಅನ್ನೋದೊಂದು ಬಿಟ್ರಿ?”

“ಹೂಂ. ಬಿಟ್ಟೆ.”

“ಉಳಿದದ್ದೂ ನಾ ಒಪ್ಪಂಗಿಲ್ಲ. ಬುಧವಾರ ಜವಾಬ್ ಕೊಡ್ತೀನಿ.”

ಬುಧವಾರ ನಾನು ಬಾಗಿಲು ತೆಗೆಯುವ ಮೊದಲೇ ಖಾಜಾ ಸಾಹೇಬರು ಬಂದು ಬೆಂಚಿನ ಮೇಲೆ ಕೂತಿದ್ದರು.