ಅಲ್ಲಾಡದ ಕಾಲು

ಅವನನ್ನು ಎಲ್ಲರೂ ಕರೆಯುವುದು ಮಿಷನ್ ಮಾವ ಅಂತ. ಮೀಸೆ ಮೂಡುವ ಮೊದಲೇ ಹೊಲಿಗೆ ಮಿಷನ್ ತುಳಿದವನು. ಕಿಡ್ನಿ ಕೈಕೊಟ್ಟು ಡಯಾಲಿಸಿಸ್‌ಗೆ ಬಿದ್ದ ಮೇಲೆ ಕೆಲಸ ಕಮ್ಮಿಯಾಯಿತು, ಕಾಲು ಮಾತ್ರ ತುಳಿಯುವುದು ಬಿಡಲಿಲ್ಲ. ಕೂತರೂ ಅದರ ಕುಣಿತ, ಮಲಗಿದರೂ ಅದೇ. ಮೂಳೆಯೊಳಗೆ ಇರುವೆ ಹರಿದಾಡಿದ ಹಾಗೆ ಅನ್ನುತ್ತಿದ್ದ. "ಈ ಹಾಳು ಕಾಲಿಗೆ ಏನು ಬಂತ್ರೀ?" ಅಂತ ಹೆಂಡತಿ ರೇಗುತ್ತಿದ್ದಳು, ಪಕ್ಕದಲ್ಲಿ ಮಲಗಿ ಒದೆ ತಿನ್ನುವವಳು ಅವಳೇ ತಾನೆ. ಆದರೆ ಇದು ನಗುವ ಮಾತಲ್ಲ. ಆಸ್ಪತ್ರೆಯಲ್ಲಿ ಗಂಟೆಗಟ್ಟಲೆ ಸೂಜಿ ಚುಚ್ಚಿಸಿಕೊಂಡು ಅಲ್ಲಾಡದೆ ಮಲಗಬೇಕು. ಇವನು ಅರ್ಧಕ್ಕೇ "ಬಿಚ್ಚಿಬಿಡಿ ಸಿಸ್ಟರ್, ನನ್ನ ಕೈಲಾಗಲ್ಲ" ಅಂತ ಎದ್ದು ಬರುತ್ತಿದ್ದ. ಹೀಗೇ ಮಾಡಿದರೆ ಜೀವಕ್ಕೇ ಸಂಚಕಾರ ಅಂತ ನರ್ಸಮ್ಮ ಹೇಳಿ ಹೇಳಿ ಸೋತಿದ್ದಳು.

ಆಗ ಅವನ ಅಕ್ಕ ಒಣಗಿದ ಸೊಪ್ಪು, ಬೇರು ಕಟ್ಟಿಕೊಂಡು ಬಂದಳು. "ಚೆನ್ನಾಗಿ ಕುದಿಸಿ ಒಂದು ಲೋಟಕ್ಕೆ ಇಳಿಸಿ ಕೊಡೇ. ಬರೀ ಗಿಡ ಕಣೇ, ಏನು ಮಾಡುತ್ತೆ?"

ಪಥ್ಯದ ಅಡುಗೆಯಲ್ಲಿ ಹೆಂಡತಿಯದು ಎತ್ತಿದ ಕೈ. ತರಕಾರಿ ಬೇಯಿಸಿದ ನೀರಿಗೆ ಪೊಟ್ಯಾಸಿಯಂ ಇಳಿಯುತ್ತೆ, ಅದು ಇವರ ಮೈಗೆ ವಿಷ, ಬಸಿದು ಚೆಲ್ಲಿ ಅಂತ ಆಸ್ಪತ್ರೆಯವರು ಕಲಿಸಿದ್ದರು. ಒಂದು ಒಲೆಯ ಮೇಲೆ ಹಾಗೇ ನೀರು ಚೆಲ್ಲಿ ತರಕಾರಿ ಬಡಿಸುತ್ತಿದ್ದಳು. ಪಕ್ಕದ ಒಲೆಯಲ್ಲಿ ಸೊಪ್ಪು ಚೆಲ್ಲಿ ನೀರು ಕುಡಿಸುತ್ತಿದ್ದಳು. ಅದು ಅಡುಗೆ, ಇದು ಔಷಧಿ. ಎರಡೂ ಒಂದೇ ಅಂತ ಪಾಪ, ಅವಳಿಗೆ ಹೊಳೆಯಲೇ ಇಲ್ಲ.

ವಾರದೊಳಗೆ ಕಾಲು ಸುಮ್ಮನಾಯಿತು. ಅಕ್ಕ ಬೀಗಿದಳು. ಹೆಂಡತಿ ಎಷ್ಟೋ ಕಾಲದ ಮೇಲೆ ಕಣ್ತುಂಬ ನಿದ್ದೆ ಮಾಡಿದಳು. ಬೆಳಿಗ್ಗೆ ಅವನು ಯಾರದೋ ಪ್ಯಾಂಟಿನ ಅಂಚು ಮಡಿಚಿ ಹೊಲಿಯಲು ಕೂತ. ಎಷ್ಟು ಒತ್ತಿದರೂ ಪೆಡಲ್ ಇಳಿಯಲಿಲ್ಲ. "ಎಣ್ಣೆ ಬಿಡಬೇಕು ಕಣೇ ಇದಕ್ಕೆ" ಅಂದ. ಅವಳು ಬಗ್ಗಿ ಕೈಯಲ್ಲಿ ಒತ್ತಿ ನೋಡಿದಳು, ಸಲೀಸಾಗಿ ಓಡಿತು. ಆದರೂ ಎಣ್ಣೆ ಡಬ್ಬಿ ತಂದು ಅವನ ಪಕ್ಕದಲ್ಲಿಟ್ಟಳು.

ಮಧ್ಯಾಹ್ನ ಅವನನ್ನು ತೋಳು ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿಸಬೇಕಾಯಿತು. ಆದರೂ ಹಾಸಿಗೆಗೆ ಸೇರಿಸಿದ ಮೇಲೆ ಹೆಂಡತಿ, "ನೋಡಿ ಸಿಸ್ಟರ್, ಈಗ ಕಾಲು ಅಲ್ಲಾಡೋದೇ ಇಲ್ಲ" ಅಂದಳು.

ನರ್ಸಮ್ಮ ನಗಲಿಲ್ಲ. ನಾಡಿ ಹಿಡಿದವಳು ಬಿಡಲೇ ಇಲ್ಲ. "ಕಾಲೆತ್ತಿ ಮಾವ." ಅವನು ತಿಣುಕಿದ, ಕಾಲು ಏಳಲಿಲ್ಲ. "ಏನು ಕೊಟ್ರಿ ಅಮ್ಮ?"

"ಏನಿಲ್ಲ, ಕಷಾಯ. ಸೊಪ್ಪು ಕುದಿಸಿದ ನೀರು..." ಅನ್ನುತ್ತಿದ್ದ ಹಾಗೇ ಮನೆಯ ಎರಡೂ ಒಲೆ ಅವಳ ಕಣ್ಣಮುಂದೆ ಬಂದವು.

"ವಾಸಿಯಾಗಿ ಸುಮ್ಮನಾಗಿದ್ದಲ್ಲ ಇದು, ಪೊಟ್ಯಾಸಿಯಂ ಏರಿ ಬಲ ಉಡುಗಿದ್ದು. ಕಾಲು ಆಯ್ತು, ಇನ್ನು ಎದೆ ನಿಲ್ಲುತ್ತೆ" ಅಂದವಳೇ ನರ್ಸಮ್ಮ ಡಾಕ್ಟರನ್ನು ಕೂಗುತ್ತಾ ಓಡಿದಳು.

ಹೆಂಡತಿ ಅವನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಕುಸಿದು ಕೂತಳು. "ಒದೀರಿ. ಒಂದೇ ಒಂದ್ಸಲ ನನ್ನ ಒದೀರಿ" ಅಂತ ಬೇಡಿಕೊಂಡಳು. ಪಾದ ಅವಳ ಕೈಯಲ್ಲಿ ಸುಮ್ಮನೆ ಬಿದ್ದಿತ್ತು.