ಅತ್ತೆಯ ಬೆರಳಿಗೆ ಸಿಕ್ಕ ಉಬ್ಬು

ನಮ್ಮ ಸೋದರತ್ತೆ ಬಾಡಿಗೆ ಕಾರು ಓಡಿಸುತ್ತಾರೆ. ಸ್ಟ್ಯಾಂಡಿನವರು ಅವರಿಗಿಟ್ಟ ಹೆಸರು 'ಅನುಮಾನದಮ್ಮ'. ಹಾಲಿನ ಪ್ಯಾಕೆಟ್ಟನ್ನೂ ಬೆಳಕಿಗೆ ಹಿಡಿದು ನೋಡುವ ಹೆಂಗಸು, ಇನ್ನು ಟೈರ್ ಅಂಗಡಿಯವರ ಮಾತು ನಂಬುವುದುಂಟೆ? ಹಿಂದೆ ಯಾವುದೋ ಅಪಘಾತವಾಗಿ ಹೀಗಾಗಿರಬೇಕು, ಪಾಪ ಎಂದು ಹೊಸಬರು ಮರುಗುತ್ತಾರೆ. ಅಪಘಾತವೂ ಇಲ್ಲ, ಮಣ್ಣೂ ಇಲ್ಲ. ತೊಟ್ಟಿಲಲ್ಲೇ ಅವಳು ಹಾಗಿದ್ದಳು ಎನ್ನುತ್ತಾರೆ ಅವರ ಅಣ್ಣ, ಅಂದರೆ ನಮ್ಮಪ್ಪ.

ಟೈರ್ ಅಂಗಡಿಗೆ ಹೋದರೆ ಯಾವ ಚಕ್ರಕ್ಕೆ ಏನಾಗಿದೆ ಎಂದು ಅತ್ತೆ ಬಾಯಿ ಬಿಡುವುದಿಲ್ಲ. "ನಾಲ್ಕೂ ನೋಡಿ" ಎಂದು ಸುಮ್ಮನೆ ನಿಲ್ಲುತ್ತಾರೆ. ಹುಳುಕನ್ನು ತಾನಾಗಿ ಕಂಡುಹಿಡಿದವನ ಮಾತನ್ನು ಮಾತ್ರ, ಅದೂ ಅರ್ಧ, ನಂಬುತ್ತಾರೆ. ಟೈರಿನ ಪಕ್ಕೆ ಪರೀಕ್ಷಿಸಲು ಅವರಿಗೆ ಕಣ್ಣು ಬೇಡ. ಕಣ್ಣು ಮುಚ್ಚಿ ಬೆರಳಾಡಿಸುತ್ತಾರೆ. ತಗ್ಗು ಸಿಕ್ಕರೆ ಅದು ಒಳಗಿನ ದಾರದ ಪದರಗಳು ಒಂದರ ಮೇಲೊಂದು ಕೂತ ಜಾಗ, ಹೆದರಬೇಕಿಲ್ಲ. ಉಬ್ಬು ಸಿಕ್ಕರೆ ದಾರ ಹರಿದಿದೆ, ಗಾಳಿಯನ್ನು ಬರೀ ರಬ್ಬರ್ ತಡೆದುಕೊಂಡಿದೆ, ಯಾವ ಗಳಿಗೆಯಲ್ಲಾದರೂ ಸಿಡಿಯಬಹುದು. ಮನೆಯ ಮಕ್ಕಳಿಗೆಲ್ಲ ಮಗ್ಗಿಗಿಂತ ಮೊದಲು ಈ ಪಾಠವಾಗಿತ್ತು.

ಅತ್ತೆಯ ಒಬ್ಬಳೇ ಮಗಳನ್ನು ನಾವು ಪುಟ್ಟಿ ಎಂದು ಕರೆಯುವುದು. ಅವಳಿಗೆ ದೂರದ ನಗರದ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಅಂದು ಸಂಜೆ ಐದರೊಳಗೆ ಹೋಗಿ ಸೇರಿಕೊಳ್ಳದಿದ್ದರೆ ಅದು ಬೇರೆಯವರ ಪಾಲು. ಹಿಂದೆ ಸಿಕ್ಕಿದ್ದ ಕೆಲಸಗಳು ಅತ್ತೆಯ 'ವಿಚಾರಿಸೋಣ, ಆತುರ ಯಾಕೆ' ಎಂಬ ಮಾತಿನಲ್ಲೇ ಕೈತಪ್ಪಿದ್ದವು. ಈ ಸಲ ಪುಟ್ಟಿ ಬೆಳಗಿನ ಬಸ್ಸಿಗೆ ಹೋಗುತ್ತೇನೆಂದು ಹಟ ಹಿಡಿದಳು. ಆ ಬಸ್ಸಿನ ಟೈರು ಯಾರು ನೋಡಿರುತ್ತಾರೆ ಎಂದು ಅತ್ತೆ ತಾವೇ ಬಿಟ್ಟುಬರಲು ಹೊರಟರು. ವಾಪಸು ಬರುವಾಗ ಜೊತೆಗಿರಲೆಂದು ನನ್ನನ್ನೂ ಹತ್ತಿಸಿಕೊಂಡರು.

ಊರು ದಾಟುವ ಮೊದಲೇ, ಎದುರು ಬಂದ ಲಾರಿಗೆ ದಾರಿ ಬಿಡುವಾಗ, ಮುಂದಿನ ಎಡ ಚಕ್ರ ಮುರಿದ ಚರಂಡಿ ಚಪ್ಪಡಿಗೆ ದಢಾರನೆ ಬಡಿಯಿತು. ಅತ್ತೆ ಇಳಿದು ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚಿದರು.

"ಉಬ್ಬಿದೆ," ಎಂದರು.

ಪುಟ್ಟಿಯೂ ಇಳಿದು ಮುಟ್ಟಿ ನೋಡಿದಳು. "ನನಗೇನೂ ಸಿಗ್ತಿಲ್ಲಪ್ಪ."

ಸ್ಟೆಪ್ನಿ ಆಗಲೇ ಹಿಂದಿನ ಚಕ್ರವಾಗಿ ಓಡುತ್ತಿತ್ತು. ಹಿಂದಿನ ವಾರ ಒಂದು ಟೈರಿನ ಪಕ್ಕೆಗೆ ಮೊಳೆ ಹೊಕ್ಕಿತ್ತು. ಪಕ್ಕೆಗೆ ತೇಪೆ ನಿಲ್ಲುವುದಿಲ್ಲ ಎಂದು ಅತ್ತೆ ಅದನ್ನು ಎಸೆದಿದ್ದರು, ಹೊಸದು ಇನ್ನೂ ಬಂದಿರಲಿಲ್ಲ. ಹೀಗಾಗಿ ಟೈರ್ ಅಂಗಡಿಯೇ ಗತಿ. ನಿಧಾನವಾಗಿ ಹೊರಟೆವು. ಬೆಳಗಿನ ಬಸ್ಸು ನಮ್ಮ ಪಕ್ಕದಲ್ಲೇ ಹಾರ್ನ್ ಹೊಡೆದು ಮುಂದೆ ಹೋಯಿತು. ಪುಟ್ಟಿ ಅದು ಮರೆಯಾಗುವವರೆಗೂ ನೋಡಿದಳು.

ಮೊದಲನೆಯದು ಗಾಜಿನ ಬಾಗಿಲಿನ ದೊಡ್ಡ ಅಂಗಡಿ. ಅತ್ತೆಯ ಹಿಂದೆ ನಾನೂ ಒಳಗೆ ಹೋದೆ. ಪುಟ್ಟಿ ಕಾರಿನ ಹತ್ತಿರವೇ ಉಳಿದಳು. ಮೇಜಿನ ಹಿಂದಿದ್ದ ಮ್ಯಾನೇಜರು ಕೂತಲ್ಲಿಂದಲೇ, "ನಾಲ್ಕೂ ಚೇಂಜ್ ಮಾಡಿಸ್ಬಿಡಿ ಮೇಡಂ," ಎಂದರು.

"ನೋಡಿದ್ರಾ?"

"ನೋಡೋದೇನು ಮೇಡಂ, ಹಳೇ ಟೈರು."

"ಒಂದೇ ಒಂದು ಕೊಡಿ, ಈಗ್ಲೇ."

"ಆ ಸೈಜು ನಾಳೆ ಬರುತ್ತೆ."

ಅತ್ತೆ ಜಗಳ ತೆಗೆದರು. ಅವರ ಜಗಳ ಶುರುವಾದರೆ ಬೇಗ ಮುಗಿಯುವ ಜಾತಿಯದಲ್ಲ. ಹೊರಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರುತ್ತಿತ್ತು.

ಎರಡನೆಯದು ತಗಡಿನ ಚಪ್ಪರದ ಪಂಕ್ಚರ್ ಅಂಗಡಿ. ಅಲ್ಲಿ ಹೊಸ ಟೈರಿನ ಮಾತೇ ಇಲ್ಲ, ಎಲ್ಲ ಹಳೆಯವು. "ನಾಲ್ಕೂ ನೋಡಿ," ಎಂದರು ಅತ್ತೆ. ಅಂಗಡಿಯಾತ ಸುತ್ತ ಬಂದು ಕೈಯಾಡಿಸಿ, "ಏನೂ ಆಗಿಲ್ವಲ್ಲಕ್ಕ," ಎಂದ. ಅತ್ತೆ ಅವನನ್ನು ಸರಿಸಿ ತಾವೇ ಕೂತರು. ಕಣ್ಣು ಮುಚ್ಚಿ ಒಂದು ಸುತ್ತು ಬೆರಳಾಡಿಸಿದರು. ಮತ್ತೊಂದು ಸುತ್ತು. ಕಣ್ಣು ತೆರೆದು, ಕಾರನ್ನು ಒಂದು ಮೊಳ ಮುಂದೆ ತಳ್ಳಿಸಿ ಮತ್ತೆ ನೋಡಿದರು. ಉಬ್ಬು ಇರಲಿಲ್ಲ. ಅವರ ಮುಖ ಅಷ್ಟು ಚಿಕ್ಕದಾಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಗಾಳಿ ಒಂಚೂರು ಕಮ್ಮಿ ಇದೆ ಅನ್ಸುತ್ತೆ. ಕರೆಂಟ್ ಬಂದ್ಮೇಲೆ ಹಾಕ್ತೀನಿ," ಎಂದ ಅಂಗಡಿಯಾತ.

"ದಾರೀಲಿ ಹಾಕಿಸೋಣಮ್ಮ, ಹೊತ್ತಾಯ್ತು," ಎಂದಳು ಪುಟ್ಟಿ. ಅತ್ತೆ ಮರುಮಾತಾಡದೆ ಹತ್ತಿದರು. ಅದಕ್ಕೇ ನನಗೆ ಭಯವಾಯಿತು.

ಹೆದ್ದಾರಿಯಲ್ಲಿ ಕಾರು ವೇಗ ಹಿಡಿಯಿತು. ಅತ್ತೆ ಅಷ್ಟು ಜೋರಾಗಿ ಓಡಿಸುವವರೇ ಅಲ್ಲ. ಮುಂದೆ ಎಡಗಡೆ ಕೂತ ಪುಟ್ಟಿ ಬಾಗಿಲ ಮೇಲಿನ ಹಿಡಿಯನ್ನು ಬಿಡದೆ ಹಿಡಿದಿದ್ದಳು. ಕಾರು ಸ್ವಲ್ಪ ಎಡಕ್ಕೆಳೆಯುತ್ತಿತ್ತು. ಅತ್ತೆ ಅದನ್ನೂ ಸ್ಟೀರಿಂಗಿನಲ್ಲೇ ಸರಿಮಾಡಿಕೊಂಡು ಹೋಗುತ್ತಿದ್ದರು.

"ನೀವೆಲ್ಲ ಹೇಳೋದೇ ಸರಿ," ಎಂದರು ಇದ್ದಕ್ಕಿದ್ದಂತೆ. "ನನ್ನ ಕೈ ಸತ್ತುಹೋಗಿದೆ. ಇಲ್ಲದ ಉಬ್ಬು ಇದೆ ಅನ್ಸಿದ್ರೆ, ಇರೋದು ಇಲ್ಲ ಅಂತ ಎಷ್ಟು ಸಲ ಅನ್ಸಿದೆಯೋ! ನಿನ್ನನ್ನ ಬಿಟ್ಟು ಬಂದ್ಮೇಲೆ ಗಾಡಿ ಮಾರಿಬಿಡ್ತೀನಿ ಪುಟ್ಟಿ. ಇನ್ನೊಬ್ಬರ ಜೀವದ ಜೊತೆ ಆಟ ಆಡಬಾರದು."

ಪುಟ್ಟಿಯ ಉಸಿರಾಟ ಹಿಂದಿನ ಸೀಟಿಗೂ ಕೇಳುತ್ತಿತ್ತು. ಲಾರಿಯೊಂದು ನಮ್ಮನ್ನು ಸವರಿಕೊಂಡಂತೆ ಹಾದುಹೋಯಿತು.

"ಅಮ್ಮಾ, ನಿಲ್ಸು."

"ಯಾಕೆ? ವಾಂತಿ ಬರುತ್ತಾ?"

"ನಿಲ್ಸಮ್ಮಾ! ಮೆಲ್ಲಗೆ, ಬ್ರೇಕ್ ಒತ್ತಬೇಡ. ಆ ಗಾಜಿನ ಅಂಗಡೀಲಿ ನೀನು ಜಗಳ ಆಡ್ತಿದ್ದಾಗ ಟೈರಿನ ಗಾಳಿ ತೆಗೆದಿದ್ದು ನಾನು. ಗಾಳಿ ಕಮ್ಮಿ ಮಾಡಿದ್ರೆ ಉಬ್ಬು ಕೂತ್ಕೊಳ್ಳುತ್ತೆ, ಹಳೇ ಟೈರ್ ಮಾರೋರು ಹಾಗೇ ಮೋಸ ಮಾಡ್ತಾರೆ ಅಂತ ನೀನೇ ಅಲ್ವಾ ಹೇಳ್ಕೊಟ್ಟಿದ್ದು?"

ಅತ್ತೆ ಬ್ರೇಕು ಮುಟ್ಟಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಎರಡೂ ಕೈಯಲ್ಲಿ ಸ್ಟೀರಿಂಗ್ ಅವುಚಿಕೊಂಡು, ಕಾರು ತಾನಾಗಿ ಸೋಲುವವರೆಗೆ ಕಾದು ಮಣ್ಣಿಗಿಳಿಸಿದರು. ಇಳಿದು ನೋಡಿದರೆ, ಓಡಿ ಬಿಸಿಯಾದ ಟೈರು ಮತ್ತೆ ಬಿಗಿದಿತ್ತು. ಈಗ ಬೆರಳೇ ಬೇಡ, ನನಗೂ ಕಣ್ಣಿಗೆ ಕಾಣುವ ಉಬ್ಬು, ನಡುವೆ ಕೂದಲೆಳೆಯಂಥ ಸೀಳು.

"ಹಾಗಾದ್ರೆ ಆಗ್ಲೂ ಉಬ್ಬಿತ್ತು ತಾನೇ? ನಿನಗೂ ಸಿಕ್ಕಿತ್ತು ತಾನೇ?" ಎಂದರು ಅತ್ತೆ.

"ಸಿಕ್ಕಿತ್ತು."

ಅತ್ತೆ ನಕ್ಕರು. ಕಳೆದುಹೋದ ವಸ್ತು ಕೈಗೆ ಸಿಕ್ಕವರ ಹಾಗೆ, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕರು. ಆಮೇಲೆ ಸಿಟ್ಟು ಬಂತು. ಕೈ ಎತ್ತಿದರು, ಹೊಡೆಯಲಿಲ್ಲ. ಅದೇ ಕೈ ಬೀಸಿ ದೂರದಿಂದ ಬರುತ್ತಿದ್ದ ಬಸ್ಸನ್ನು ನಿಲ್ಲಿಸಿದರು.

"ಹತ್ತು. ಐದರೊಳಗೆ ಮುಟ್ತೀಯ."

ಪುಟ್ಟಿ ಅಳುತ್ತ ಅವರ ಸೆರಗು ಹಿಡಿದಳು. ಅತ್ತೆ ಬಿಡಿಸಿಕೊಂಡು, ಬ್ಯಾಗನ್ನು ಬಸ್ಸಿನ ಮೆಟ್ಟಿಲಿಗಿಟ್ಟರು.

ಕಾರು ಎಳೆದೊಯ್ಯುವ ಗಾಡಿಗೆ ಕಾಯುತ್ತ ನಾವಿಬ್ಬರೂ ದಾರಿ ಬದಿಯಲ್ಲಿ ಕೂತೆವು. ಬಿಸಿಲು ಇಳಿಯುವ ಹೊತ್ತಿಗೆ ಪುಟ್ಟಿಯ ಫೋನು ಬಂತು. "ಸೇರ್ಕೊಂಡೆ ಅಮ್ಮ," ಎಂದಿದ್ದು ನನಗೂ ಕೇಳಿಸಿತು. "ಹೂಂ, ಊಟ ಮಾಡು," ಎಂದು ಅತ್ತೆ ಇಟ್ಟುಬಿಟ್ಟರು. ಆಮೇಲೆ ಆ ಚಕ್ರದ ಕಡೆ ಬೆರಳು ತೋರಿಸಿದರು.

"ಅದು ಸಿಡಿದಿದ್ರೆ ಮೊದಲು ಹೋಗ್ತಿದ್ದಿದ್ದು ಅವಳೇ ಕಣೇ. ಗೊತ್ತಿದ್ದೂ ಅದರ ಮೇಲೇ ಬಂದು ಕೂತ್ಲಲ್ಲ. ನನ್ನ ಜೊತೆ ಇರೋದು ಅವಳಿಗೆ ಅಷ್ಟು ಕಷ್ಟ ಆಗಿತ್ತಾ?"

ಛೆ, ಹಾಗೇನಿಲ್ಲ ಅತ್ತೆ ಎನ್ನಬೇಕಿತ್ತು. ನಾನು ಎದ್ದು ಹೋಗಿ, ಕಣ್ಣು ಮುಚ್ಚಿ, ಆ ಉಬ್ಬಿನ ಮೇಲೆ ಬೆರಳಾಡಿಸಿದೆ.